ರಾಜರತ್ನನ ವ್ಯಾನಿಗೆ ಹೊಸ ಎಂಜಿನ್

ಸುಮಂಗಲಾಳ ಸ್ಕೂಟಿಯ ಸೀಟು ಕಾದದ್ದೇ ಇಷ್ಟಕ್ಕೆಲ್ಲ ಮೂಲ. ವಿಜಯಪುರದ ಬೇಸಿಗೆಯನ್ನು ಹೊರಗಿನವರಿಗೆ ಬಾಯಲ್ಲಿ ಹೇಳಿ ತಿಳಿಸಲಾಗದು. ಕರಿ ರೆಕ್ಸಿನ್ ಸೀಟಿನ ಸ್ಕೂಟಿಯೊಂದನ್ನು ಮಧ್ಯಾಹ್ನದ ತನಕ ಬಿಸಿಲಿಗೆ ನಿಲ್ಲಿಸಿ, ಆಮೇಲೆ ಅವರನ್ನು ಅದರ ಮೇಲೆ ಕೂಡಿಸಬೇಕು. ಜಲನಗರದ ಅವಳ ಮನೆಯ ಮುಂದೆ ಇದ್ದದ್ದು ಒಂದೇ ತಗಡಿನ ಚಪ್ಪರ. ಅದರ ನೆರಳಿನಲ್ಲಿ ಸ್ಕೂಟಿ ನಿಲ್ಲಬೇಕಿತ್ತು. ನಿಂತದ್ದು ಗಂಡ ರಾಜರತ್ನನ ವ್ಯಾನು.

ಅದು ಬ್ರೆಡ್ಡಿನ ಆಕಾರದ ಹಳೆಯ ಕಾಲದ ಸಣ್ಣ ವ್ಯಾನು. ಮುಂದೆ ಮೂಗಿಲ್ಲ, ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಸೀಟು ಎತ್ತಿದರೆ ಎಂಜಿನ್, ಇಳಿಸಿದರೆ ಆಸನ. ರಾಜರತ್ನನ ತಂದೆ ಹೆಡ್‌ಮಾಸ್ತರರಾಗಿದ್ದಾಗ ಕೊಂಡದ್ದು. ಆ ಓಣಿಗೆ ಬಂದ ಮೊದಲ ನಾಲ್ಕು ಗಾಲಿ. ಅಪ್ಪನ ತೊಡೆಯ ಮೇಲೆ ಕೂತು ಸ್ಟೀರಿಂಗ್ ಹಿಡಿದದ್ದನ್ನು ರಾಜರತ್ನ ಮರೆತಿರಲಿಲ್ಲ. ಅಪ್ಪ ಹೋದರು, ಎಂಜಿನ್ನೂ ತನ್ನ ಆಯುಷ್ಯ ಮುಗಿಸಿತು, ವ್ಯಾನು ಮಾತ್ರ ಎರಡು ವರ್ಷದಿಂದ ನೆರಳಿನಲ್ಲಿ ಸುಖವಾಗಿ ನಿಂತಿತ್ತು.

ರಾಜರತ್ನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಯಾರಿಗೂ ದನಿ ಎತ್ತಿ ಮಾತಾಡಿದವನಲ್ಲ. ಸುಮಂಗಲಾ ಹತ್ತಿರದ ದವಾಖಾನೆಯಲ್ಲಿ ನರ್ಸು. ಅವಳು ದನಿ ಎತ್ತುವ ಅಗತ್ಯವೇ ಬಿದ್ದಿರಲಿಲ್ಲ.

"ನೋಡ್ರಿ," ಎಂದಳು ಒಂದು ದಿನ, ಸ್ಕೂಟಿಯಿಂದ ಹಾರಿ ಇಳಿದು. "ಒಂದೋ ನಿಮ್ಮ ವ್ಯಾನು ಓಡಬೇಕು, ಇಲ್ಲಾ ಗುಜರಿಗಿ ಹೋಗಬೇಕು. ನಮ್ಮ ತವರುಮನ್ಯಾಗ ಕೂಸಿನ ತೊಟ್ಟಿಲ ಕಾರ್ಯ ಐತಿ. ಅವತ್ತ ನನ್ನ ಇದರಾಗ ನಿಡೋಣಿಗಿ ಕರಕೊಂಡು ಹೋಗ್ರಿ. ದಾರ್‍ಯಾಗ ಯಾರರ ಒಬ್ಬರು ಹಿಂದಿಂದ ದಬ್ಬಿದ್ರೂ ಮರುದಿನ ಗುಜರಿಯವ ಬರ್ತಾನ. ಒಪ್ಪಿಗಿ?"

"ಒಪ್ಪಿಗಿ," ಎಂದ ರಾಜರತ್ನ. ಬೇರೆ ಏನು ಹೇಳಬಹುದಿತ್ತು?

ವ್ಯಾನಿಗೆ ಎಂಜಿನ್ ನೋಡುತ್ತಿದ್ದಾರೆ ಎಂಬ ಸುದ್ದಿ ಓಣಿ ತುಂಬ ಹಬ್ಬಿತು. ಮಗಳಿಗೆ ವರ ನೋಡುವಾಗಲೂ ಇಷ್ಟು ಜನ ಸಲಹೆ ಕೊಡಲು ಬರುವುದಿಲ್ಲ. ಮೊದಲು ಬಂದವರು ಪಕ್ಕದ ಮನೆಯ ಗುರಲಿಂಗಪ್ಪ. ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂತು ಕೂತು, ಓಣಿಯಲ್ಲಿ ಯಾರ ಗಾಡಿ ಕೆಮ್ಮಿದರೂ ಹೊರಗೆ ಬರುವುದು ಅವರ ರೂಢಿಯಾಗಿತ್ತು.

"ಜೀಪಿಂದು ಹಾಕಸು, ತಮ್ಮಾ," ಎಂದರು. "ಎಂಜಿನ್ ಅಂದ್ರ ಜೀಪಿಂದು. ಉಳಿದವೆಲ್ಲ ಚಟ್ನಿ ಅರಿಯೂ ಮಿಕ್ಸರ್ ಇದ್ಹಂಗ."

ಟಿಕೋಟಾದಿಂದ ಸುಮಂಗಲಾಳ ತಮ್ಮ ಶಿವಾಜಿಯ ಫೋನು ಬಂತು. ಅವನದು ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ.

"ಮಾಮಾ, ಡೀಸೆಲ್ ಹಾಕು. ನನ್ನ ಅಂಗಡ್ಯಾಗ ಒಂದು ಐತಿ. ಹಗಲು ರಾತ್ರಿ ನೀರು ಎತ್ತಿದ್ದು, ಒಮ್ಮೆನೂ ನಿಂತಿಲ್ಲ."

"ಶಿವಾಜಿ, ನನಗ ನೀರು ಎತ್ತೂದಿಲ್ಲೋ. ನಿಮ್ಮಕ್ಕನ್ನ ನಿಡೋಣಿಗಿ ಮುಟ್ಟಿಸೂದೈತಿ."

"ಎರಡೂ ಒಂದ ತ್ರಾಸ ಬಿಡು," ಎಂದ ಶಿವಾಜಿ.

ಮೆಕ್ಯಾನಿಕ್ ಅಲ್ಲಾಉದ್ದೀನ ಎಲ್ಲರ ಮಾತೂ ಕೇಳಿ, ಸೀಟಿನ ಕೆಳಗಿನ ಜಾಗವನ್ನು ಗೇಣಿನಿಂದ ಅಳೆದ. "ಸಾಹೇಬ್ರ, ಜೀಪಿಂದು ಕೂಡಿಸಿದ್ರ ಸೀಟು ಟಾಪಿನ ಮ್ಯಾಲ ಕಟ್ಟಬೇಕು. ಡೀಸೆಲ್ ಕೂಡಿಸಿದ್ರ ಗಾಡಿ ಅಲುಗಾಡಿ ಅಲುಗಾಡಿ ಬಾಗಿಲಾ ಟಿಕೋಟಾದಾಗ, ಬಂಪರ್ ಬಬಲೇಶ್ವರದಾಗ ಉಳೀತಾವ. ಇದರ ಜಾತೀದ ಹಾಕೂನು. ಮೂರು ಸಿಲಿಂಡರಿಂದು. ಸಾಲಿ ಮಕ್ಕಳನ್ನ ಒಯ್ಯೂ ವ್ಯಾನಿಂದ ತಗದದ್ದು ಒಂದು ಐತಿ, ಕೇಳಿ ನೋಡ್ರಿ."

ಅದನ್ನು ಎರಡು ಹಳೆ ಟಾಯರುಗಳ ಮೇಲೆ ಕೂಡಿಸಿ, ಬಾಟಲಿಯಿಂದ ಪೆಟ್ರೋಲು ಕೊಟ್ಟು ಚಾಲೂ ಮಾಡಿದ. ಹದವಾದ, ಸಣ್ಣ ಗುಂಯ್‌ಗುಟ್ಟುವಿಕೆ. ರಾಜರತ್ನನಿಗೆ ಅಪ್ಪ ಗೇಟಿನ ಹತ್ತಿರ ಬಂದು ಹಾರ್ನ್ ಹೊಡೆಯುವ ಮೊದಲಿನ ಸದ್ದು ಕೇಳಿದಂತಾಯಿತು. ಎಂಜಿನ್ ನಿಶ್ಚಯವಾಯಿತು. ಎಂಜಿನ್ ಬದಲಿಸಲು ಬೇಕಾದ ಕಾಗದಪತ್ರಗಳನ್ನು ಗುಮಾಸ್ತನಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಎಂಜಿನ್ ಕೂಡಿಸಿ ಕೊಡುವಾಗ ಅಲ್ಲಾಉದ್ದೀನ ಒಂದೇ ಮಾತು ಹೇಳಿದ: "ಸಾಹೇಬ್ರ, ಕಾರ್ಬೊರೇಟರ್ ಸ್ಕ್ರೂ ಯಾರಿಗೂ ಮುಟ್ಟಾಕ ಕೊಡಬ್ಯಾಡ್ರಿ. ಮುಟ್ಟಿದ್ರ ನೀವ ಮುಟ್ಟರಿ, ಕಿವಿಗೊಟ್ಟು ಕೇಳಿ ಮುಟ್ಟರಿ."

ತೊಟ್ಟಿಲ ಕಾರ್ಯದ ದಿನ ಬೆಳಿಗ್ಗೆ ರಾಜರತ್ನ ವ್ಯಾನು ತೊಳೆದು, ಇಸ್ತ್ರಿ ಅಂಗಿ ತೊಟ್ಟು ಹೊರಬಂದ. ನೋಡಿದರೆ ಮುಂದಿನ ಎಡಗಡೆ ಸೀಟಿನಲ್ಲಿ ಗುರಲಿಂಗಪ್ಪ ಖಾಕಿ ಅಂಗಿ ಹಾಕಿಕೊಂಡು ಆಗಲೇ ಕೂತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ.

"ನಾ ಇಲ್ದ ಹೆಂಗ ಹೋಗ್ತಿ? ಹೊಸಾ ಎಂಜಿನ್ನು, ಒಬ್ಬ ಅನುಭವಸ್ಥ ಬೇಕಲ್ಲ," ಎಂದರು. ಹಿಂದಿನ ಸೀಟಿನಲ್ಲಿ ಸುಮಂಗಲಾ ಕೂಸಿಗೆ ಹೊಲಿಸಿದ ಕುಲಾಯಿಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಅವಳ ಮುಖದಲ್ಲಿ ಪರೀಕ್ಷೆಗೆ ಬಂದ ಮೇಲ್ವಿಚಾರಕರ ಗಾಂಭೀರ್ಯವಿತ್ತು.

ಕೀಲಿ ತಿರುವಿದೊಡನೆ ವ್ಯಾನು ಒಂದೇ ಸೆಲ್ಫಿಗೆ ಚಾಲೂ ಆಯಿತು. ಊರು ದಾಟುವ ತನಕ ಎಲ್ಲವೂ ಸರಿ. ಆದರೆ ಎಂಜಿನ್ನಿನ ಮೇಲೆಯೇ ಕೂತ ಗುರಲಿಂಗಪ್ಪನವರು ತಮ್ಮ ಆಸನದ ಮೂಲಕವೇ ಅದರ ಆರೋಗ್ಯ ವರದಿ ಮಾಡತೊಡಗಿದರು.

"ಬೆಚ್ಚಗಾಗೇತಿ, ತಮ್ಮಾ."

"ಆಗಲಿ, ಕಾಕಾ."

"ಈಗ ಸುಡಾಕತ್ತೈತಿ. ನಿಂತಾಗಿನ ಸ್ಲೋ ಸ್ಪೀಡು ಜಾಸ್ತಿ ಐತಿ. ಪೆಟ್ರೋಲು ಸುಮ್ನ ಉರಿಯಾಕತ್ತೈತಿ. ನಿಲ್ಲಸು."

"ಬ್ಯಾಡ ಕಾಕಾ, ಅಲ್ಲಾಉದ್ದೀನ ಹೇಳ್ಯಾನ..."

"ಅವನ ಅಪ್ಪನ ವಯಸ್ಸು ನಂದು!"

ಹಿರಿಯರಿಗೆ ಎದುರಾಡಿ ರೂಢಿಯಿಲ್ಲ. ನಿಲ್ಲಿಸಿದ. ಗುರಲಿಂಗಪ್ಪ ಸೀಟು ಎತ್ತಿ ಸ್ಕ್ರೂ ತಿರುವಿ ಸಮಾಧಾನದಿಂದ ಮತ್ತೆ ಕೂತರು. ಅಲ್ಲಿಂದ ಮುಂದೆ ವ್ಯಾನು ಪ್ರತಿಯೊಂದು ರೋಡ್ ಹಂಪ್ ಕಂಡಾಗಲೂ ಉಸಿರು ಬಿಟ್ಟು ಬಂದ್ ಆಗತೊಡಗಿತು. ಮತ್ತೆ ಸೆಲ್ಫು, ಮತ್ತೆ ಹಂಪು. ಸುಮಂಗಲಾ ಹಂಪುಗಳನ್ನು ಬೆರಳು ಮಡಚಿ ಎಣಿಸತೊಡಗಿದಳು. ಅದೇ ಹೆದರಿಕೆಯ ವಿಷಯವಾಗಿತ್ತು.

ಟಿಕೋಟಾದಲ್ಲಿ ಶಿವಾಜಿ ಅಂಗಡಿಯ ಮುಂದೆ ಕಾದು ನಿಂತಿದ್ದ. ಕಾರ್ಯಕ್ಕೆ ತಾನು ಬೈಕಿನ ಮೇಲೆ ಹಿಂದಿನಿಂದ ಬರುವವನಿದ್ದ. ವ್ಯಾನಿನ ಸದ್ದು ಕೇಳಿ ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದೇ ಓಡಿ ಬಂದ.

"ಮಾಮಾ, ಇದಕ್ಕ ಕರೆಂಟ್ ತಡವಾಗಿ ಬರಾಕತ್ತೈತಿ. ಇಳೀರಿ ಕಾಕಾ, ಸೀಟು ಎತ್ತರಿ."

"ಶಿವಾಜಿ, ಮುಟ್ಟಬ್ಯಾಡೋ."

"ಮುಟ್ಟೂದಿಲ್ಲ, ಬರೇ ಇಷ್ಟ," ಎನ್ನುತ್ತ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ಅದನ್ನು ನಲ್ಲಿ ತಿರುವಿದಂತೆ ತಿರುವಿಬಿಟ್ಟ. "ಈಗ ಹೊಡಿ ಸೆಲ್ಫು."

ಹೊಡೆದ. ಸೈಲೆನ್ಸರಿನಿಂದ ಢಮ್ ಎಂದು ಬಂದ ಸದ್ದಿಗೆ ಎದುರಿನ ಚಹಾದಂಗಡಿಯಲ್ಲಿ ಒಬ್ಬನ ಬಸಿಯ ಚಹಾ ಇನ್ನೊಬ್ಬನ ಧೋತರದ ಮೇಲೆ ಹೋಯಿತು. ಕೋಳಿಗಳು ಗಿಡ ಹತ್ತಿದವು. ಬಸ್ ನಿಲ್ದಾಣದ ಕಡೆಯಿಂದ ಜನ ಓಡಿ ಬಂದರು; ಬಂದವರು ಸುಮ್ಮನೆ ನಿಲ್ಲಬೇಕಲ್ಲ! ಒಬ್ಬ ಪ್ಲಗ್ ಎಂದ, ಒಬ್ಬ ಕಾಯಿಲ್ ಎಂದ, ಚಹಾ ಚೆಲ್ಲಿಸಿಕೊಂಡವನು ಮಾತ್ರ ಎಂಜಿನ್ನಿನ ಮಾತು ಬಿಟ್ಟು ರಾಜರತ್ನನ ಮನೆತನದ ಮಾತಾಡಿದ. ಹೇಗೋ ಚಾಲೂ ಆದ ವ್ಯಾನನ್ನು ರಾಜರತ್ನ ಅಲ್ಲಿಂದ ಪಾರು ಮಾಡಿದ.

ಬಬಲೇಶ್ವರದ ದಾರಿ ಹಿಡಿದು ಒಂದಷ್ಟು ದೂರ ಬಂದಿದ್ದರು. ಸಣ್ಣ ಏರು. ವ್ಯಾನು ಅರ್ಧ ಏರಿ, ಎರಡು ಸಲ ಕೆಮ್ಮಿ, ನಿಂತುಬಿಟ್ಟಿತು.

ಈ ಸೀಮೆಯ ಜನರದೊಂದು ದೊಡ್ಡ ಗುಣವಿದೆ. ರಸ್ತೆಯಲ್ಲಿ ಗಾಡಿ ನಿಂತರೆ ಅವರನ್ನು ಕರೆಯಬೇಕಾಗಿಲ್ಲ. ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುತ್ತಿದ್ದ ಐದಾರು ಗಂಡಸರು ಕೈಯಲ್ಲಿದ್ದದ್ದನ್ನು ಬಿಟ್ಟು ತೋಳೇರಿಸುತ್ತ ಬಂದೇಬಿಟ್ಟರು. "ಕೂಡ್ರಿ ಸಾಹೇಬ್ರ, ಸೆಕೆಂಡ್ ಗೇರಿಗಿ ಹಾಕ್ರಿ. ಒಂದ ದಬ್ಬಿಗಿ ಚಾಲೂ ಮಾಡತೇವಿ!"

ಗುರಲಿಂಗಪ್ಪನವರೂ ಇಳಿದು ಹಿಂದೆ ಹೋದರು. ಸುಮಂಗಲಾ ಕಿಟಕಿಯಿಂದ ಮುಖ ಹೊರಗೆ ಹಾಕಿ ನೋಡುತ್ತಿದ್ದಳು. ಒಂದು ಕೈ, ಒಂದೇ ಒಂದು ಕೈ ವ್ಯಾನಿನ ಬೆನ್ನಿಗೆ ಹತ್ತಿದರೆ ಅಪ್ಪನ ವ್ಯಾನು ನಾಳೆ ಗುಜರಿಯವನ ತಕ್ಕಡಿಯಲ್ಲಿ.

ರಾಜರತ್ನ ಜಿಗಿದು ಹಿಂದೆ ಓಡಿದ. ಎರಡೂ ಕೈ ಚಾಚಿ ವ್ಯಾನಿಗೆ ಬೆನ್ನು ಕೊಟ್ಟು ನಿಂತು, ಹುಟ್ಟಿದಂದಿನಿಂದ ಕೂಡಿಟ್ಟಿದ್ದ ದನಿಯನ್ನೆಲ್ಲ ಒಟ್ಟಿಗೆ ಹೊರಗೆ ಬಿಟ್ಟ.

"ಯಾರೂ ಮುಟ್ಟಬ್ಯಾಡ್ರಿ!"

ಜನ ಬೆಚ್ಚಿ ನಿಂತರು. "ಇದೇನ್ರಿ, ಸಹಾಯ ಮಾಡಾಕ ಬಂದ್ರ ಹಿಂಗ?" ಎಂದ ಒಬ್ಬ, ಮನಸ್ಸಿಗೆ ಹಚ್ಚಿಕೊಂಡು.

"ನಿಮ್ಮ ಸಹಾಯಕ್ಕ ಕೈ ಮುಗೀತೇನಿ, ಯಪ್ಪಾ. ಆದ್ರ ದಬ್ಬಬ್ಯಾಡ್ರಿ. ಒಂದೀಟು ಎಲ್ಲಾರೂ ಸುಮ್ನ ನಿಲ್ಲರಿ. ಕಾಕಾ, ನೀವೂ. ಬಾಯಿ ಮುಚ್ಚಿ ನಿಲ್ಲರಿ."

ಗುರಲಿಂಗಪ್ಪ ಬಾಯಿ ತೆರೆದವರು, ಆಶ್ಚರ್ಯಕ್ಕೆ ಮುಚ್ಚಿದರು.

ರಾಜರತ್ನ ಸೀಟು ಎತ್ತಿದ. ಡಿಸ್ಟ್ರಿಬ್ಯೂಟರಿನ ಬೋಲ್ಟಿನಡಿ, ಅಲ್ಲಾಉದ್ದೀನ ಬಿಗಿದಿದ್ದ ಜಾಗದಲ್ಲಿ, ಎಣ್ಣೆ ಮಸಿ ಹತ್ತದ ಸ್ವಚ್ಛ ಗುರುತಿತ್ತು. ಅಲ್ಲಿಗೇ ತಂದು ಬಿಗಿದ. ಸುಮಂಗಲಾಳನ್ನೇ ಕರೆದು ಸೆಲ್ಫ್ ಹೊಡೆಯಲು ಹೇಳಿದ. ಎಂಜಿನ್ ಎದ್ದಿತು, ಮುಗ್ಗರಿಸಿತು. ಸ್ಲೋ ಸ್ಪೀಡಿನ ಸ್ಕ್ರೂ ತುಸು ಏರಿಸಿದ. ಆಮೇಲೆ ಗಾಳಿ ಪೆಟ್ರೋಲು ಬೆರೆಸುವ ಸ್ಕ್ರೂವನ್ನು ನಿಧಾನವಾಗಿ ಒಳಗೆ ತಿರುವಿದ; ಸದ್ದು ಸೊರಗಿತು. ಹೊರಗೆ ತಿರುವಿದ, ಸದ್ದು ಭಾರವಾಯಿತು. ಕಣ್ಣು ಮುಚ್ಚಿದ. ಗೇಟಿನ ಹತ್ತಿರ ಅಪ್ಪನ ಹಾರ್ನಿಗೆ ಮೊದಲು ಕೇಳುತ್ತಿದ್ದ ಆ ಸದ್ದು ಯಾವುದೆಂದು ಅವನಿಗೆ ಗೊತ್ತಿತ್ತು. ಕೂದಲೆಳೆಯಷ್ಟು ಹಿಂದೆ, ಮತ್ತೆ ಕೂದಲೆಳೆಯಷ್ಟು ಮುಂದೆ. ಒಮ್ಮೆಲೇ ಮೂರೂ ಸಿಲಿಂಡರು ಒಂದೇ ಉಸಿರಿನಲ್ಲಿ ಹಾಡತೊಡಗಿದವು.

ತೋಟದವರು ಸಿಳ್ಳೆ ಹೊಡೆದರು. "ನಾವು ದಬ್ಬಾಕ ಬಂದದ್ದು ನೋಡಿ ಹೆದರಿ ಚಾಲೂ ಆತು," ಎಂದು ಒಬ್ಬ ಅದರಲ್ಲೂ ತನ್ನ ಪಾಲು ತೆಗೆದುಕೊಂಡ.

ವ್ಯಾನು ಏರನ್ನು ಏರು ಎಂದು ಲೆಕ್ಕಕ್ಕೇ ಹಿಡಿಯದೆ ಹತ್ತಿತು. ಒಂದು ಟ್ರ್ಯಾಕ್ಟರ್ ಹಿಂದಾಯಿತು, ಒಂದು ಜೀಪು ಹಿಂದಾಯಿತು. ಗುರಲಿಂಗಪ್ಪನವರು ಸೀಟಿನ ಬಗ್ಗೆ ವರದಿ ಕೊಡುವುದನ್ನೇ ಮರೆತರು. ಹಿಂದಿನಿಂದ ಸುಮಂಗಲಾ, "ಛಲೋ ಹೊಂಟೈತಿ," ಎಂದಳು. ಹೆಂಡತಿ ತನ್ನ ಯಾವುದೋ ಕೆಲಸವನ್ನು ಮೆಚ್ಚಿದ್ದನ್ನು ಕೇಳಿ ರಾಜರತ್ನನಿಗೆ ರಸ್ತೆಯೇ ಮಸುಕಾಯಿತು. ಇಷ್ಟು ಸಂತೋಷ ಅವನಿಗೆ ನೌಕರಿ ಖಾಯಂ ಆದ ದಿನವೂ ಆಗಿರಲಿಲ್ಲ.

ಬಬಲೇಶ್ವರದಲ್ಲಿ ಅಂದು ಸಂತೆ. ಬಾಳೆಹಣ್ಣು, ಫೇಡೆ ತರಲೆಂದು ಸುಮಂಗಲಾ ಇಳಿದು ಹೋದಳು. ರಾಜರತ್ನ ಸಂತೆಯ ಅಂಚಿಗೆ ವ್ಯಾನು ನಿಲ್ಲಿಸಿದ. ಎಂಜಿನ್ ಬಂದ್ ಮಾಡಲು ಅವನಿಗೆ ಮನಸ್ಸೇ ಬರಲಿಲ್ಲ. ಬಲಗಡೆಯ ಸೀಟು ಎತ್ತಿಟ್ಟು ಎದುರು ನಿಂತು ಕೇಳುತ್ತಿದ್ದ. ಎಂಜಿನ್ ಹಾಡಿದಲ್ಲಿ ಜನ ಕೂಡುತ್ತಾರೆ. ಅವರ ನಡುವೆ ಹಣೆಗೆ ಅರಿಸಿನದ ಭಂಡಾರ ಹಚ್ಚಿ, ಹೆಗಲ ಮೇಲೆ ಕಂಬಳಿ ಹಾಕಿದ್ದ ಹಿರಿಯರೊಬ್ಬರು ಮುಂದೆ ಬಂದರು. ಅಮೋಘಸಿದ್ದಪ್ಪ, ಸುತ್ತಲ ಊರುಗಳಲ್ಲಿ ದೊಡ್ಡ ಕುರಿ ಹಿಂಡಿನ ಒಡೆಯರು.

"ದನಿ ಛಲೋ ಐತಿ, ಸಾಹೇಬ್ರ. ಏರು ಏರತೈತಿ?"

"ಏರತೈತಿ ಅಂತೀರಿ? ಜೀಪನ್ನ ಹಿಂದ ಹಾಕಿ ಬಂದೇನ್ರಿ!"

"ಹೇರು ತಡೀತೈತಿ?"

"ಬೇಕಾದಷ್ಟು ಹೇರ್‍ರಿ. ಉಸಿರು ಬಿಡೂದಿಲ್ಲ."

"ದೋಷ, ಖೋಡಿ ಏನರ ಐತೇನು?"

"ಖೋಡಿ? ನನ್ನ ಕೈಯಾರ ಟ್ಯೂನ್ ಮಾಡೇನ್ರಿ ಯಪ್ಪಾ. ಖೋಡಿ ಎಲ್ಲಿಂದ ಬಂತು?"

ಅಮೋಘಸಿದ್ದಪ್ಪ ತಲೆದೂಗಿ, ಹೆಗಲ ಕಂಬಳಿ ತೆಗೆದು ರಾಜರತ್ನನ ಕೈಯ ಮೇಲೆ ಹೊದಿಸಿದರು. ಅದರೊಳಗೆ ತಮ್ಮ ಕೈಯಿಟ್ಟು ಅವನ ಬೆರಳುಗಳನ್ನು ಹಿಡಿದರು. ಮೊದಲು ಎರಡು ಹಿಚುಕಿದರು, ಆಮೇಲೆ ಇನ್ನೊಂದು, ಕೊನೆಗೆ ಕಿರುಬೆರಳನ್ನೂ ಒಮ್ಮೆ ಮೆಲ್ಲಗೆ ಒತ್ತಿದರು. ಮಾತಿಲ್ಲ, ಕಣ್ಣಲ್ಲೇ ಪ್ರಶ್ನೆ. ಕಡತಗಳ ನಡುವೆ ಬೆಳೆದ ರಾಜರತ್ನ, ಈ ಕಡೆಯ ಹಿರಿಯರು ಶಹಬ್ಬಾಸ್ ಹೇಳುವ ಪದ್ಧತಿ ಇದೇ ಇರಬೇಕೆಂದುಕೊಂಡ. ಅಷ್ಟು ದೊಡ್ಡವರು ಕೈ ಹಿಡಿದು ಮೆಚ್ಚಿದ್ದಕ್ಕೆ ಅವನ ಎದೆ ತುಂಬಿ ಬಂತು. ಅವರ ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಿ, "ಆಗಲ್ರಿ, ಆಗಲ್ರಿ," ಎಂದ.

ಸುತ್ತಲಿನವರು "ಛಲೋ ಆತು" ಎಂದರು. ಅಮೋಘಸಿದ್ದಪ್ಪ ಚೀಲದಿಂದ ಹಿಡಿ ಭಂಡಾರ ತೆಗೆದು ವ್ಯಾನಿನ ಮುಂಭಾಗಕ್ಕೆ ಎರಚಿದರು. ಬಿಳಿ ವ್ಯಾನು ಹಳದಿಯಾಯಿತು. ಯಾರೋ ಚಹಾ ತಂದು ಕೊಟ್ಟರು. ತನ್ನ ಟ್ಯೂನಿಂಗಿಗೆ ಇಷ್ಟು ಮರ್ಯಾದೆಯೇ ಎಂದು ರಾಜರತ್ನ ಬೀಗುತ್ತ ಚಹಾ ಕುಡಿದ. ದೂರದಲ್ಲಿ ಬಾಳೆಹಣ್ಣಿನ ಗಾಡಿಯ ಹತ್ತಿರ ಸುಮಂಗಲಾ ನಿಂತು ತನ್ನನ್ನೇ ನೋಡಿ ನಗುತ್ತಿದ್ದದ್ದೂ ಕಂಡಿತು. ಕೈ ಬೀಸಿದ.

ಅಷ್ಟರಲ್ಲಿ ಇಬ್ಬರು ಹಿಂದಿನ ಬಾಗಿಲು ತೆರೆದು ಕುರಿಮರಿಗಳನ್ನು ವ್ಯಾನಿನೊಳಗೆ ಹತ್ತಿಸತೊಡಗಿದರು.

"ಎಲ್ಲೀತನಕ ಬರ್ತಾವ್ರಿ ಇವು? ನಾವು ನಿಡೋಣಿಗಿ ಹೊಂಟೇವಿ," ಎಂದ ರಾಜರತ್ನ, ಉದಾರವಾಗಿ.

"ನೀವು ಹೋಗಿ ಬರ್‍ರಿ, ಸಾಹೇಬ್ರ," ಎನ್ನುತ್ತ ಅಮೋಘಸಿದ್ದಪ್ಪ ಬಟ್ಟೆಯಲ್ಲಿ ಸುತ್ತಿದ ನೋಟಿನ ಕಟ್ಟನ್ನು ಅವನ ಅಂಗೈಯಲ್ಲಿಟ್ಟರು. "ಬೆರಳು ಹಿಡದು ಮಾತಾಡಿದಷ್ಟೂ ಐತಿ. ಕಾಗದ ಆಮ್ಯಾಲ ಮಾಡಿಸಿಕೊಳ್ಳೂನು."

ರಾಜರತ್ನ ನೋಟಿನ ಕಟ್ಟನ್ನು ತಿರುಗಿ ಅವರತ್ತಲೇ ಚಾಚಿದ. "ಯಪ್ಪಾ, ನಾ ಮಾರಾಕ ಬಂದಿದ್ದಿಲ್ರಿ!"

ಗುಂಪು ಗೊಳ್ಳೆಂದಿತು. ಸುಮಂಗಲಾ ಹಣ್ಣಿನ ಚೀಲದೊಂದಿಗೆ ಬಂದು ನಿಂತಳು. ಅವನು ಅವಳತ್ತ ತಿರುಗಿದ. "ನೀನರ ಹೇಳ, ಸುಮಾ!"

"ಏನ್ ಹೇಳಲಿ? ಸಂತ್ಯಾಗ ಮುಚ್ಚಳ ತಗದು ನಿಲ್ಲಿಸಿ, ಬಂದವರ ಮುಂದೆಲ್ಲ ಗುಣ ಹೊಗಳಿದ್ರ ಜನ ಏನ್ ತಿಳೀಬೇಕು? ನಮ್ಮಪ್ಪ ಎತ್ತು ಮಾರೂದೂ ಹಿಂಗ, ಕಂಬಳ್ಯಾಗ ಬೆರಳು ಒತ್ತಿ ರೇಟು ಕುದುರಸೂದು. ಕೈ ಕೊಟ್ಟ ಮ್ಯಾಲ, ಭಂಡಾರ ಬಿದ್ದ ಮ್ಯಾಲ ಮುಗೀತ್ರಿ. ತಿರುಗಿದ್ರ ನಿಡೋಣ್ಯಾಗ ನಾವು ಮುಖ ತೋರಸಾಂಗಿಲ್ಲ."

"ನಿನಗ ಗೊತ್ತಿತ್ತು? ನೋಡಿಕೋತ ನಿಂತಿದ್ದಿ?"

"ನೋಡೇನಿ. ಓಡಿ ಬಂದು ತಡೀಬೇಕಂತನೂ ಅಂದುಕೊಂಡೆ," ಎಂದಳು ಪ್ರಾಮಾಣಿಕವಾಗಿ. "ಆಮ್ಯಾಲ ಸ್ಕೂಟಿ ಸೀಟು ನೆನಪಾತು."

ಪಂಥದಲ್ಲಿ ಗೆದ್ದವರು ನೀವೇ, ಯಾರೂ ದಬ್ಬಲಿಲ್ಲ, ಗುಜರಿಯವನು ಬರುವುದಿಲ್ಲ ಎಂದು ಅವಳು ಸಮಾಧಾನವನ್ನೂ ಹೇಳಿದಳು. ಅಷ್ಟು ಹೊತ್ತೂ ಗುರಲಿಂಗಪ್ಪ ಎಡಗಡೆ ಸೀಟು ಬಿಟ್ಟು ಇಳಿದಿರಲಿಲ್ಲ. ಈಗ ಸರಿದು ಸ್ಟೀರಿಂಗ್ ಮುಂದೆ ಕೂತು, "ನೀವು ನಡೀರಿ, ನಾ ಈ ಮರಿಗಳನ್ನ ಮುಟ್ಟಿಸಿ ಬರ್ತೇನಿ," ಎಂದರು. ವ್ಯಾನು ಹೊರಟಿತು. ಎಂಥ ಸದ್ದು! ತಿರುವು ದಾಟುವ ತನಕ ರಾಜರತ್ನ ಅದನ್ನು ಕೇಳುತ್ತ ನಿಂತ.

ನಿಡೋಣಿಗೆ ಅವರು ಮುಟ್ಟಿದ್ದು ಬಾಡಿಗೆ ಜೀಪಿನಲ್ಲಿ. ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು. ಮಾವ ಗೊಲ್ಲಾಳಪ್ಪ ಅಂಗಳದಲ್ಲೇ ಅಳಿಯನನ್ನು ತಬ್ಬಿಕೊಂಡರು. "ಇಷ್ಟು ವರ್ಷ ಸಂತಿ ತಿರಗೇನಿ, ಅಮೋಘಸಿದ್ದಪ್ಪನ ಹಂತ್ಯಾಕ ಹಿಂಗ ವ್ಯಾಪಾರ ನನಗೂ ಕುದುರಿಲ್ಲ!" ಎಂದು ಬಂದವರಿಗೆಲ್ಲ ತೋರಿಸಿದರು. ಕೂಸಿನ ತೊಟ್ಟಿಲಿಗಿಂತ ಹೆಚ್ಚು ಜನ ರಾಜರತ್ನನ ಸುತ್ತ ಕೂಡಿದರು. ಮೊದಲ ಪಂಕ್ತಿ, ಎರಡೆರಡು ಹೋಳಿಗೆ, ಮೇಲೆ ತುಪ್ಪ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಇಷ್ಟು ಗೌರವ ಸಿಕ್ಕಿರಲಿಲ್ಲ. ರಾಜರತ್ನ ಮಾತ್ರ ಹೋಳಿಗೆ ಬದಿಗೆ ಸರಿಸಿ, ಹೊರಗೆ ಹೋಗುವ ಗಾಡಿಗಳ ಸದ್ದಿಗೆ ಕಿವಿಗೊಟ್ಟು ಕೂತಿದ್ದ.

ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ ಸುಮಂಗಲಾ ಕಿಟಕಿಯ ಹತ್ತಿರ ಕೂತು ತಗಡಿನ ಚಪ್ಪರದ ನೆರಳನ್ನು ಹಂಚಿಹಾಕುತ್ತ ಬಂದಳು. ಒಂದು ಕಡೆ ಸ್ಕೂಟಿ, ಇನ್ನೊಂದು ಕಡೆ ಹಪ್ಪಳದ ಮಂಚ, ನಡುವೆ ಎರಡು ಕುರ್ಚಿ. ರಾಜರತ್ನ ಹೂಂ ಎನ್ನುತ್ತಿದ್ದ. ಅಪ್ಪನ ವ್ಯಾನನ್ನು ಗುಜರಿಯಿಂದ ಉಳಿಸಿ, ತನ್ನ ಕೈಯಾರೆ ಮಾರಿ ಬಂದ ದುಃಖ ಅವನನ್ನು ಒಳಗೇ ಹಿಂಡುತ್ತಿತ್ತು.

ಜಲನಗರದಲ್ಲಿ ಇಳಿದು ಓಣಿಯ ತಿರುವಿಗೆ ಬಂದರು. ರಾಜರತ್ನ ಗಕ್ಕನೆ ನಿಂತ.

"ಸುಮಾ, ಕೇಳು."

"ಏನು ಕೇಳೂದು?"

"ಮೂರು ಸಿಲಿಂಡರು."

ಅವನು ಓಡಿದ. ಅವಳೂ ಓಡಿದಳು. ಅವರ ಮನೆಯ ಮುಂದೆ, ಅದೇ ತಗಡಿನ ಕೆಳಗೆ, ಮೈತುಂಬ ಭಂಡಾರ ಹೊತ್ತು ವ್ಯಾನು ನಿಂತು ಗುಂಯ್‌ಗುಟ್ಟುತ್ತಿತ್ತು. ಸ್ಕೂಟಿ ಮೊದಲಿನಂತೆ ಗೋಡೆಯ ಆಚೆಯೇ ನಿಂತಿತ್ತು. ಖಾಕಿ ಅಂಗಿಯ ಗುರಲಿಂಗಪ್ಪ ಹತ್ತು ವರ್ಷ ಸಣ್ಣವರಾದಂತೆ ಕಾಣುತ್ತಿದ್ದರು.

"ಬರ್‍ರಿ, ಬರ್‍ರಿ! ಅಮೋಘಸಿದ್ದಪ್ಪಗ ಡ್ರೈವರ್ ಬೇಕಾಗಿದ್ದ, ತಮ್ಮಾ. ನಾನ ಆದೆ. ಮುಂಜಾನಿ ಊರಿಂದ ಮರಿ ಹೇರಿಕೊಂಡು ಇಲ್ಲಿ ಪ್ಯಾಟಿಗೆ ತರೂದು, ಸಂಜಿಗಿ ಗಾಡಿ ನನ್ನ ಹಂತ್ಯಾಕ ಇರೂದು. ನನ್ನ ಮನಿ ಮುಂದ ಜಾಗ ಎಲ್ಲೈತಿ? ಇಲ್ಲೆ ಹಚ್ಚೇನಿ. ಇದಕ್ಕೂ ರೂಢಿ ಐತಿ."

"ಕಾಕಾ, ಗಾಡಿ ತಗೀರಿ," ಎಂದಳು ಸುಮಂಗಲಾ. ಈ ಸಲ ಅವಳ ದನಿ ಎದ್ದಿತ್ತು.

"ನಾ ಹೆಂಗ ತಗೀಲಿ, ಯವ್ವಾ? ಜಾಗಾದ್ದೂ ವ್ಯವಹಾರದಾಗ ಬಂದೈತೆಲ್ಲ. ಕಿರುಬೆರಳು ಒತ್ತಿದ್ರು ನೋಡು, ಅದು ನಿಲ್ಲೂ ಜಾಗಾ ಮತ್ತ ಟ್ಯೂನಿಂಗಿನ ಸಲುವಾಗಿ ಅಂತ. ಗಾಡಿ ಇರೂತನಕ ಟ್ಯೂನಿಂಗ್ ರಾಜರತ್ನನ ಮಾಡಬೇಕು, ಬ್ಯಾರೆ ಯಾರೂ ಸ್ಕ್ರೂ ಮುಟ್ಟಾಂಗಿಲ್ಲ ಅಂದಾರ. ಕೈ ಕೊಟ್ಟ ಮ್ಯಾಲ ಮುಗೀತು ಅಂತ ನೀನ ಅಂದೀ, ಸಂತಿ ಎಲ್ಲಾ ಕೇಳೇತಿ."

ಸುಮಂಗಲಾ ಹೊಸ್ತಿಲ ಮೇಲೆ ಕುಸಿದು ಕೂತು, ನ್ಯಾಯ ಕೇಳಲು ಗಂಡನತ್ತ ನೋಡಿದಳು. ಗಂಡ ಅಲ್ಲಿರಲಿಲ್ಲ. ವ್ಯಾನು ಅವನದಲ್ಲ, ನೆರಳು ಅವನದಲ್ಲ, ಇನ್ನು ಮುಂದೆ ಅವನ ರಜೆಗಳೂ ಅವನವಲ್ಲ. ಆದರೂ ಅವನು ಮುಖ ಅರಳಿಸಿಕೊಂಡು ಆಗಲೇ ಸೀಟು ಎತ್ತಿ, ಒಳಗೆ ಬಗ್ಗಿ, ಕಿವಿಗೊಟ್ಟು ನಿಂತಿದ್ದ. ಇಳಿಸಲು ಮರೆತ ಕುರಿಮರಿಯೊಂದು ಹಿಂದಿನಿಂದ ಅವನ ಭುಜದ ಮೇಲೆ ಮೂತಿಯಿಟ್ಟು ಮ್ಯಾ ಎಂದಿತು.

"ಸುಮ್ನಿರಲೇ," ಎಂದ ರಾಜರತ್ನ. "ಎಂಜಿನ್ ಕೇಳಾಕತ್ತೇನಿ."